ಬೆಳೆಯುತ್ತಿರುವ ಕಿಡ್ನಿಯ ಜೀವಕೋಶಗಳಿಗೆ ಜೀನ್ ನೋಡಿ ಹೆಸರಿಡುವುದು ಹೇಗೆ?

ಸಿಂಗಲ್ ಸೆಲ್ ಡೇಟಾ, ಅಂದರೆ ಒಂದೊಂದು ಕೋಶದಲ್ಲಿ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅನ್ನೋ ಲೆಕ್ಕ, ಕೈಗೆ ಬಂದ ಕೂಡಲೇ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಎಲ್ಲಿಂದಲೋ ಮಾರ್ಕರ್ ಜೀನ್‌ಗಳ (ಒಂದೊಂದು ಬಗೆಯ ಕೋಶದ ಗುರುತು ಅನ್ನಿಸಿಕೊಂಡ ಜೀನ್‌ಗಳ) ಪಟ್ಟಿ ಇಳಿಸಿಕೊಳ್ಳುತ್ತಾರೆ, ಒಂದೇ ಥರದ ಕೋಶಗಳ ಯಾವ ಗುಂಪಿನಲ್ಲಿ ಯಾವ ಜೀನ್ ಜಾಸ್ತಿ ಇದೆ ಅಂತ ನೋಡುತ್ತಾರೆ, ಹೆಸರು ಅಂಟಿಸುತ್ತಾರೆ. ಬೆಳೆದು ಮುಗಿದ ಕಿಡ್ನಿಗೆ ಇದು ಹೇಗೋ ನಡೆಯುತ್ತದೆ. ಭ್ರೂಣದ ಕಿಡ್ನಿಗೆ ಅಥವಾ ಆರ್ಗನಾಯ್ಡ್‌ಗೆ (ಲ್ಯಾಬ್‌ನಲ್ಲಿ ಬೆಳೆಸಿದ ಪುಟ್ಟ ಕಿಡ್ನಿ ಮಾದರಿಗೆ) ನಡೆಯುವುದಿಲ್ಲ.

ಅಲ್ಲಿ ಕೋಶಗಳು ಇನ್ನೂ ರೂಪ ತಾಳುತ್ತಿರುತ್ತವೆ. ಒಂದೇ ಜೀನ್ ಬೆಳಿಗ್ಗೆ ಒಂದು ಕೆಲಸ, ಸಂಜೆ ಇನ್ನೊಂದು ಕೆಲಸ ಮಾಡುತ್ತದೆ. ಆದ್ದರಿಂದ ಜೀನ್ ಅನ್ನು ಕೋಶದ ನಾಮಫಲಕ ಅಂದುಕೊಂಡರೆ ಸೋಲುತ್ತೀರಿ. ಅದು ಇಂಥ ಜಾಗದಲ್ಲಿ, ಇಂಥ ಹೊತ್ತಿನಲ್ಲಿ ಹೊರಟ ಒಂದು ಆದೇಶ ಅಷ್ಟೇ. ಜಾಗ ಮತ್ತು ಹೊತ್ತು ಮೊದಲು, ಹೆಸರು ಕೊನೆಗೆ. ಕೆಳಗಿನ ಹಂತಗಳೂ ಅದೇ ಕ್ರಮದಲ್ಲಿವೆ, ದಯವಿಟ್ಟು ಮಧ್ಯದಿಂದ ಶುರು ಮಾಡಬೇಡಿ.

## ಮೊದಲು ಏನೇನು ಬೇಕು

ಒಂದು ದೊಡ್ಡ ಹಾಳೆ, ಪೆನ್ಸಿಲ್, ರಬ್ಬರ್. ನಗಬೇಡಿ, ಇದೇ ಮುಖ್ಯ ಸಲಕರಣೆ. ಡೇಟಾ ನೋಡಲು ಸ್ಯೂರಾ ಅಥವಾ ಸ್ಕ್ಯಾನ್‌ಪೈ ಸಾಫ್ಟ್‌ವೇರ್, ಯಾವುದು ರೂಢಿಯಿದೆಯೋ ಅದು. ಎರಡು ಕೋಶ ಅಂಟಿ ಒಂದರಂತೆ ಕಾಣುವ ಡಬ್ಲೆಟ್‌ಗಳನ್ನು ಹಿಡಿಯಲು ಸ್ಕ್ರಬ್ಲೆಟ್‌ನಂಥದ್ದು, ಒಡೆದ ಕೋಶಗಳಿಂದ ಸೋರಿ ಎಲ್ಲ ಕಡೆ ತೇಲುವ ಆರ್‌ಎನ್‌ಎ ಕಳೆಯಲು ಸೂಪ್‌ಎಕ್ಸ್‌ನಂಥದ್ದು. ಜೊತೆಗೆ ಸ್ಯಾಂಪಲ್‌ನ ವಯಸ್ಸು, ಜೀವಿ ಯಾವುದು, ಕಿಡ್ನಿಯ ಯಾವ ಭಾಗ ಅನ್ನೋ ವಿವರ. ಈ ಕೊನೆಯದನ್ನು ಕೇಳದೇ ಕೆಲಸ ಶುರು ಮಾಡುವವರು ಎಷ್ಟು ಜನ ಅಂತ ಹೇಳಿದರೆ ನೀವು ನಂಬುವುದಿಲ್ಲ.

## ಹಂತ 1: ಹಾಳೆಯ ಮೇಲೆ ನಾಲ್ಕು ಮನೆತನ ಬರೆಯಿರಿ

ಬೆಳೆಯುವ ಕಿಡ್ನಿಯ ಬಹುಪಾಲು ಕೋಶಗಳು ನಾಲ್ಕು ಮನೆತನಗಳಿಗೆ ಸೇರಿದವು. ಹಾಳೆಯನ್ನು ನಾಲ್ಕು ಭಾಗ ಮಾಡಿ.

ಮೊದಲನೆಯದು ಮೊಗ್ಗು, ಅಂದರೆ ಯುರೆಟೆರಿಕ್ ಬಡ್. ನೆಫ್ರಿಕ್ ನಾಳದಿಂದ ಚಿಗುರಿ ಕವಲೊಡೆಯುತ್ತಾ ಹೋಗುತ್ತದೆ, ಕೊನೆಗೆ ಮೂತ್ರ ಕೂಡಿಸುವ ಕಲೆಕ್ಟಿಂಗ್ ಡಕ್ಟ್ ಮತ್ತು ಮೂತ್ರನಾಳ ಆಗುತ್ತದೆ. ಇದರ ತುದಿಯಲ್ಲಿ ರೆಟ್ ಮತ್ತು ವಿಂಟ್11 ಜೀನ್‌ಗಳು, ಕಾಂಡದಲ್ಲಿ ವಿಂಟ್9ಬಿ.

ಎರಡನೆಯದು ಮೊಗ್ಗಿನ ತುದಿಗೆ ಟೋಪಿಯಂತೆ ಕೂತಿರುವ ನೆಫ್ರಾನ್ ಪ್ರೊಜೆನಿಟರ್‌ಗಳು, ಮುಂದೆ ನೆಫ್ರಾನ್ (ರಕ್ತ ಸೋಸಿ ಮೂತ್ರ ಮಾಡುವ ಪುಟ್ಟ ಘಟಕ) ಆಗಲಿರುವ ಕೋಶಗಳು. ಇಲ್ಲಿ ಸಿಕ್ಸ್2, ಸಿಟೆಡ್1, ಇವೈಎ1 ಬರೆಯಿರಿ. ಈ ಸಿಕ್ಸ್2 ಕೋಶಗಳಿಗೆ ಇಲಿಯಲ್ಲಿ ಗುರುತು ಹಾಕಿ ಹಿಂಬಾಲಿಸಿದ ಕೆಲಸ 2008ರಲ್ಲಿ ಬಂತು. ರಕ್ತ ಸೋಸುವ ಜರಡಿಯ ಪೋಡೋಸೈಟ್ ಕೋಶದಿಂದ ಹಿಡಿದು ಕಲೆಕ್ಟಿಂಗ್ ಡಕ್ಟ್‌ಗೆ ಸೇರುವ ಕನೆಕ್ಟಿಂಗ್ ಟ್ಯೂಬ್ಯೂಲ್‌ವರೆಗೆ ನೆಫ್ರಾನ್‌ನ ಇಡೀ ಕೊಳವೆ ಇವುಗಳಿಂದಲೇ ಬರುತ್ತದೆ, ಕಲೆಕ್ಟಿಂಗ್ ಡಕ್ಟ್ ಮಾತ್ರ ಬರುವುದಿಲ್ಲ.

ಮೂರನೆಯದು ಸ್ಟ್ರೋಮಾ, ನಡುವಿನ ಜಾಗ ತುಂಬಿ ಆಸರೆ ಕೊಡುವ ಕೋಶಗಳು. ಹೊರ ಅಂಚಿನಲ್ಲಿ ಫಾಕ್ಸ್‌ಡಿ1 ಇರುವ ಕೋಶಗಳು. ನಾಲ್ಕನೆಯದು ರಕ್ತನಾಳದ ಒಳಪದರ, ಪೆಕಾಮ್1 ಮತ್ತು ಸಿಡಿಎಚ್5 ಇರುವವು.

ಪಕ್ಕದಲ್ಲಿ ಒಂದು ಸಣ್ಣ ಡಬ್ಬಿ ಬಿಡಿ, ರಕ್ತದಿಂದ ಬಂದ ಕೋಶಗಳಿಗೆ, ಆರ್ಗನಾಯ್ಡ್ ಆದರೆ ದಾರಿ ತಪ್ಪಿದ ನರಕೋಶ, ಸ್ನಾಯುಕೋಶಗಳಿಗೆ. ಅವು ಬಂದೇ ಬರುತ್ತವೆ. ಜಾಗ ಇಟ್ಟಿರದಿದ್ದರೆ ಅವನ್ನೂ ಕಿಡ್ನಿ ಕೋಶ ಅಂತ ಎಲ್ಲೋ ತುರುಕುತ್ತೀರಿ.

## ಹಂತ 2: ಯಾರು ಯಾರಿಗೆ ಹೇಳುತ್ತಾರೆ ಅಂತ ಬಾಣ ಎಳೆಯಿರಿ

ಮನೆತನಗಳು ಒಂಟಿಯಾಗಿ ಬೆಳೆಯುವುದಿಲ್ಲ. ಮೊಗ್ಗಿನ ಸುತ್ತಲಿನ ಕೋಶಗಳು ಜಿಡಿಎನ್‌ಎಫ್ ಅನ್ನೋ ಪ್ರೋಟೀನ್ ಹೊರಬಿಡುತ್ತವೆ, ಮೊಗ್ಗಿನ ತುದಿಯ ರೆಟ್ ಅದನ್ನು ಹಿಡಿಯುತ್ತದೆ, ಮೊಗ್ಗು ಚಿಗುರುತ್ತದೆ, ಕವಲಾಗುತ್ತದೆ. ಪ್ರತಿಯಾಗಿ ಮೊಗ್ಗು ವಿಂಟ್9ಬಿ ಕಳಿಸುತ್ತದೆ, ಅದನ್ನು ಕೇಳಿಸಿಕೊಂಡ ಪ್ರೊಜೆನಿಟರ್‌ಗಳು ನೆಫ್ರಾನ್ ಆಗಲು ಹೊರಡುತ್ತವೆ. ಜಿಡಿಎನ್‌ಎಫ್ ಜೀನ್ ಹೊತ್ತಿಸಲು, ಅಂದರೆ ಕೆಲಸಕ್ಕೆ ಹಚ್ಚಲು, ಇವೈಎ1, ಪ್ಯಾಕ್ಸ್2, ಸಾಲ್1 ಮತ್ತು ಹಾಕ್ಸ್11 ಗುಂಪಿನ ಜೀನ್‌ಗಳು ಬೇಕು. ಅದು ಎಲ್ಲೆಂದರಲ್ಲಿ ಹೊತ್ತಿಕೊಳ್ಳದಂತೆ ಸ್ಲಿಟ್2 ಮತ್ತು ರೋಬೊ2 ಲಗಾಮು ಹಾಕುತ್ತವೆ. ಲಗಾಮು ತೆಗೆದ ಇಲಿಯಲ್ಲಿ ಒಂದರ ಬದಲು ಹಲವು ಮೊಗ್ಗು ಬರುತ್ತವೆ.

ಇಲ್ಲಿ ಆಗುವ ದೊಡ್ಡ ತಪ್ಪು ಯಾವುದು ಗೊತ್ತಾ? ಜೀನ್ ತೆಗೆದರೆ ಎಲ್ಲಿ ಹಾಳಾಯಿತೋ ಅಲ್ಲೇ ಆ ಜೀನ್ ಕೆಲಸ ಮಾಡುತ್ತದೆ ಅಂದುಕೊಳ್ಳುವುದು. ಜಿಡಿಎನ್‌ಎಫ್ ಇಲ್ಲದ ಇಲಿಗೆ ನೆಫ್ರಾನ್ ಇರುವುದಿಲ್ಲ, ಕಿಡ್ನಿಯೇ ಇರುವುದಿಲ್ಲ. ಹಾಗಂತ ಜಿಡಿಎನ್‌ಎಫ್ ನೆಫ್ರಾನ್‌ಗೆ ನೇರವಾಗಿ ಆದೇಶ ಕೊಡುತ್ತದೆ ಅಂತ ಅಲ್ಲ. ಅದು ಮೊಗ್ಗನ್ನು ಕರೆಯುತ್ತದೆ, ಮೊಗ್ಗು ಬರದಿದ್ದರೆ ಮುಂದಿನದ್ಯಾವುದೂ ನಡೆಯುವುದಿಲ್ಲ. ಫಾಕ್ಸ್‌ಡಿ1 ಇನ್ನೂ ಮಜಾ. ಅದಿರುವುದು ಸ್ಟ್ರೋಮಾದಲ್ಲಿ. ಇಲಿಯಲ್ಲಿ ತೆಗೆದರೆ ಪಕ್ಕದ ಮನೆಯ ಪ್ರೊಜೆನಿಟರ್‌ಗಳು ಮುಂದೆ ಹೋಗದೆ ಗುಡ್ಡೆ ಬೀಳುತ್ತವೆ.

ಹಾಗಾಗಿ ಪ್ರತಿ ಜೀನ್ ಪಕ್ಕ ಮೂರು ವಿಷಯ ಬೇರೆ ಬೇರೆಯಾಗಿ ಬರೆಯಿರಿ: ಎಲ್ಲಿ ಹೊತ್ತಿದೆ, ಯಾವಾಗ ಹೊತ್ತಿದೆ, ತೆಗೆದರೆ ಯಾರಿಗೆ ಪೆಟ್ಟು. ಮೂರನೆಯ ಕಾಲಂ ತುಂಬಿಸಿ ಮೊದಲನೆಯದನ್ನು ಖಾಲಿ ಬಿಟ್ಟಿದ್ದರೆ ಮುಂದೆ ಹೋಗಬೇಡಿ.

## ಹಂತ 3: ಸಿಕ್ಸ್2 ಆರುವ ಜಾಗವನ್ನು ಗುರುತಿಸಿ

ಪ್ರೊಜೆನಿಟರ್ ಕೋಶಕ್ಕೆ ಎರಡೇ ದಾರಿ. ಹಾಗೇ ಉಳಿದು ಮರಿ ಹಾಕುವುದು, ಇಲ್ಲವೇ ನೆಫ್ರಾನ್ ಆಗುವುದು. ಸಿಕ್ಸ್2 ಮೊದಲ ದಾರಿಯ ಕಾವಲುಗಾರ. ಅದನ್ನು ತೆಗೆದ ಇಲಿಯಲ್ಲಿ ಕೋಶಗಳೆಲ್ಲ ಆತುರಕ್ಕೆ ಬಿದ್ದು ಒಮ್ಮೆಲೇ ನೆಫ್ರಾನ್ ಆಗಲು ಹೊರಡುತ್ತವೆ, ದಾಸ್ತಾನು ಖಾಲಿಯಾಗುತ್ತದೆ, ಕಿಡ್ನಿ ಪುಟ್ಟದಾಗಿ ನಿಂತುಬಿಡುತ್ತದೆ.

ಹೊರಡುವ ಕೋಶದಲ್ಲಿ ಮೊದಲು ಆರುವುದು ಸಿಟೆಡ್1. ಸಿಕ್ಸ್2 ಅಷ್ಟು ಬೇಗ ಆರುವುದಿಲ್ಲ. ಆಮೇಲೆ ವಿಂಟ್4 ಹೊತ್ತಿಕೊಳ್ಳುತ್ತದೆ, ಜೊತೆಗೆ ಪ್ಯಾಕ್ಸ್8 ಮತ್ತು ಎಲ್‌ಎಚ್‌ಎಕ್ಸ್1. ಚದುರಿದ್ದ ಕೋಶಗಳು ಮುದ್ದೆಯಾಗಿ, ಮುದ್ದೆ ಒಳಗೆ ಟೊಳ್ಳಾಗಿ, ವೆಸಿಕಲ್ ಅನ್ನೋ ಪುಟ್ಟ ಗುಳ್ಳೆ ಆಗುತ್ತದೆ. ವಿಂಟ್4 ಇಲ್ಲದ ಇಲಿಯಲ್ಲಿ ಕೋಶಗಳು ಒತ್ತೊತ್ತಾಗಿ ಸೇರುತ್ತವೆ, ಆದರೆ ಕೊಳವೆ ಆಗುವುದಿಲ್ಲ. ಇದು 1994ರಿಂದ ಗೊತ್ತಿರುವ ವಿಷಯ.

ಡೇಟಾದಲ್ಲಿ ಇದನ್ನು ಹೀಗೆ ಓದಿ. ಸಿಕ್ಸ್2 ಇದೆ, ಸಿಟೆಡ್1 ಇದೆ: ಮನೆಯಲ್ಲೇ ಕೂತಿರುವ ಕೋಶ. ಸಿಕ್ಸ್2 ಇದೆ, ಸಿಟೆಡ್1 ಇಲ್ಲ, ವಿಂಟ್4 ಕಣ್ಣು ಬಿಡುತ್ತಿದೆ: ಹೊಸ್ತಿಲು ದಾಟುತ್ತಿರುವ ಕೋಶ. ಸಿಕ್ಸ್2 ಕಂಡಿದ್ದಕ್ಕೆ ಎರಡನ್ನೂ 'ಪ್ರೊಜೆನಿಟರ್' ಅಂತ ಒಂದೇ ಹೆಸರಿನಲ್ಲಿ ಕರೆದರೆ, ಮುಂದೆ ನೀವು ಬಿಡಿಸಬೇಕಿದ್ದ ಕಥೆಯ ಮೊದಲ ಪುಟವೇ ಹರಿದುಹೋಗುತ್ತದೆ.

## ಹಂತ 4: ಎಸ್ ಆಕಾರವನ್ನು ನಿಧಾನವಾಗಿ ಓದಿ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ್ದು ಇಲ್ಲಿ. ವೆಸಿಕಲ್ ಬಾಗಿ ಅಲ್ಪವಿರಾಮದಂತೆ ಆಗುತ್ತದೆ, ಇನ್ನೂ ಬಾಗಿ ಇಂಗ್ಲಿಷಿನ ಎಸ್ ಅಕ್ಷರದಂತೆ ಆಗುತ್ತದೆ. ಈ ಪುಟ್ಟ ಎಸ್‌ನಲ್ಲಿ ಮುಂದಿನ ನೆಫ್ರಾನ್‌ನ ಎಲ್ಲ ಭಾಗಗಳ ಹಂಚಿಕೆ ಆಗಿಬಿಟ್ಟಿರುತ್ತದೆ. ಹಾಳೆಯ ನಡುವೆ ದೊಡ್ಡದಾಗಿ ಎಸ್ ಬರೆಯಿರಿ, ಒಂದು ತುದಿ ಮೊಗ್ಗಿಗೆ ತಾಗಿರಲಿ.

ಮೊಗ್ಗಿಗೆ ತಾಗಿದ ಕಡೆ ಡಿಸ್ಟಲ್, ಅಂದರೆ ನೆಫ್ರಾನ್‌ನ ಸೋಸುವ ತುದಿಯಿಂದ ದೂರದ ಕಡೆ. ಇಲ್ಲಿ ಪಿಒಯು3ಎಫ್3 ಇದೆ. ನೆಫ್ರಾನ್ ಕೊಳವೆಯ ಹೆನ್ಲೆ ಕುಣಿಕೆ ಅನ್ನೋ ಬಳುಕು ಮತ್ತು ಅದರಾಚೆಯ ಭಾಗ ಸರಿಯಾಗಿ ಬೆಳೆಯಲು ಇದು ಬೇಕು. ನಡುವಿನ ಭಾಗದಲ್ಲಿ ಜ್ಯಾಗ್1, ಎಚ್‌ಎನ್‌ಎಫ್1ಬಿ. ಇಲ್ಲಿಂದ ಪ್ರಾಕ್ಸಿಮಲ್ ಟ್ಯೂಬ್ಯೂಲ್, ಅಂದರೆ ಸೋಸುವ ತುದಿಗೆ ಹತ್ತಿರದ ಕೊಳವೆ, ಬರುತ್ತದೆ, ಆಮೇಲೆ ಎಚ್‌ಎನ್‌ಎಫ್4ಎ ಹೊತ್ತಿಕೊಂಡು ಅದನ್ನು ಪಕ್ಕಾ ಮಾಡುತ್ತದೆ. ಎಚ್‌ಎನ್‌ಎಫ್4ಎ ಇಲ್ಲದಿದ್ದರೆ ಪ್ರಾಕ್ಸಿಮಲ್ ಕೋಶ ಪೂರ್ತಿ ಬಲಿಯುವುದಿಲ್ಲ. ಮೊಗ್ಗಿನಿಂದ ದೂರದ ತುದಿಯಲ್ಲಿ ಡಬ್ಲ್ಯುಟಿ1 ಜೋರಾಗಿದೆ, ಮ್ಯಾಫ್‌ಬಿ ಬರುತ್ತಿದೆ. ಅಲ್ಲಿ ಎರಡು ಪದರ: ಒಂದು ದಪ್ಪಗಾಗಿ ಪೋಡೋಸೈಟ್ ಆಗುತ್ತದೆ, ಇನ್ನೊಂದು ಚಪ್ಪಟೆಯಾಗಿ, ಜರಡಿಯನ್ನು ಸುತ್ತುವರಿದ ಬೌಮನ್ ಚೀಲದ ಹೊರಗೋಡೆ ಆಗುತ್ತದೆ.

ಈ ಹಂಚಿಕೆ ಹೇಗೆ ಆಗುತ್ತದೆ? ಒಂದು, ಬೀಟಾ-ಕ್ಯಾಟೆನಿನ್ ಸಂಕೇತ ಡಿಸ್ಟಲ್ ಕಡೆ ಜೋರು, ದೂರ ಹೋದಂತೆ ಕಮ್ಮಿ. ಎರಡು, ಕೋಶಗಳು ವೆಸಿಕಲ್‌ಗೆ ಒಟ್ಟಿಗೆ ನುಗ್ಗುವುದಿಲ್ಲ, ಒಂದೊಂದಾಗಿ ಬಂದು ಸೇರುತ್ತವೆ. ಮೊದಲು ಬಂದವು ಡಿಸ್ಟಲ್ ಆಗುತ್ತವೆ, ತಡವಾಗಿ ಬಂದವು ಪ್ರಾಕ್ಸಿಮಲ್ ಕಡೆ ಹೋಗುತ್ತವೆ. ಮೂರು, ಅಕ್ಕಪಕ್ಕದ ಕೋಶಗಳು ತಾಗಿಕೊಂಡು ದಾಟಿಸುವ ನಾಚ್ ಸಂಕೇತ. ಇಲಿಯಲ್ಲಿ ನಾಚ್2 ಇಲ್ಲದಿದ್ದರೆ ಪ್ರಾಕ್ಸಿಮಲ್ ಟ್ಯೂಬ್ಯೂಲೂ ಇಲ್ಲ, ಪೋಡೋಸೈಟೂ ಇಲ್ಲ.

ಎಚ್ಚರಿಕೆಯ ಲಕ್ಷಣ: ನಿಮ್ಮ ಯುಮ್ಯಾಪ್ ಚಿತ್ರದಲ್ಲಿ (ಒಂದೇ ಥರದ ಕೋಶಗಳನ್ನು ಹತ್ತಿರ ಹತ್ತಿರ ಇಡುವ ನಕ್ಷೆಯಲ್ಲಿ) ಪ್ರೊಜೆನಿಟರ್‌ನಿಂದ ಪೋಡೋಸೈಟ್‌ಗೆ ನೇರ ಸೇತುವೆ ಕಂಡು, ನಡುವೆ ಎಲ್‌ಎಚ್‌ಎಕ್ಸ್1 ಇರುವ ಕೋಶಗಳೇ ಇಲ್ಲದಿದ್ದರೆ ಸಂಭ್ರಮಿಸಬೇಡಿ. ಅದು ಹೊಸ ದಾರಿಯ ಶೋಧ ಆಗಿರುವುದಕ್ಕಿಂತ, ಎರಡರಲ್ಲೂ ಡಬ್ಲ್ಯುಟಿ1 ಇರುವುದರಿಂದ ಅಥವಾ ಡಬ್ಲೆಟ್‌ಗಳಿಂದ ಆದ ಕಣ್ಕಟ್ಟು ಆಗಿರುವ ಸಾಧ್ಯತೆಯೇ ಜಾಸ್ತಿ.

## ಹಂತ 5: ಎರಡು ಮೂರು ಕಡೆ ಕಾಣುವ ಜೀನ್‌ಗಳಿಗೆ ಕೆಂಪು ಗುರುತು ಹಾಕಿ

ನನ್ನ ಕಥೆ ಹೇಳಿಬಿಡುತ್ತೇನೆ. ಮೊದಲ ಸಲ ಭ್ರೂಣದ ಕಿಡ್ನಿ ಡೇಟಾ ನೋಡಿದಾಗ ಡಬ್ಲ್ಯುಟಿ1 ಕಂಡಿತು ಅಂತ ಒಂದು ದೊಡ್ಡ ಗುಂಪಿಗೆ ಪೋಡೋಸೈಟ್ ಅಂತ ಬರೆದೆ. ಮೂರು ವಾರ ಅದರ ಮೇಲೇ ಲೆಕ್ಕ ಕಟ್ಟಿದೆ. ಅದು ಪೋಡೋಸೈಟ್ ಆಗಿರಲಿಲ್ಲ, ಪ್ರೊಜೆನಿಟರ್ ಆಗಿತ್ತು. ಪಕ್ಕದಲ್ಲಿ ಸಿಟೆಡ್1 ಕೂಗಿ ಹೇಳುತ್ತಿತ್ತು, ನಾನು ನೋಡಿರಲಿಲ್ಲ.

ಡಬ್ಲ್ಯುಟಿ1 ಪ್ರೊಜೆನಿಟರ್‌ನಲ್ಲಿ ಮಂದವಾಗಿ, ಪೋಡೋಸೈಟ್‌ನಲ್ಲಿ ಜೋರಾಗಿ ಉರಿಯುತ್ತದೆ. ಎರಡೂ ಕಡೆ ಕೆಲಸ ಬೇರೆ. ಅದಿಲ್ಲದ ಇಲಿಗೆ ಕಿಡ್ನಿಯೇ ಆಗುವುದಿಲ್ಲ, ಮನುಷ್ಯರಲ್ಲಿ ಅದರ ದೋಷ ಮಕ್ಕಳ ವಿಲ್ಮ್ಸ್ ಗಡ್ಡೆಗೂ ಕಾರಣ, ಪೋಡೋಸೈಟ್ ಹಾಳಾಗುವ ಡೆನಿಸ್-ಡ್ರಾಶ್ ಸಿಂಡ್ರೋಮ್‌ಗೂ ಕಾರಣ. ಪ್ಯಾಕ್ಸ್2 ಮೊಗ್ಗಿನಲ್ಲೂ ಇದೆ, ಪ್ರೊಜೆನಿಟರ್‌ನಲ್ಲೂ ಇದೆ, ಎಳೆಯ ನೆಫ್ರಾನ್‌ನಲ್ಲೂ ಇದೆ. ಪೋಡೋಸೈಟ್ ಬಲಿಯುವಾಗ ಆರುತ್ತದೆ, ಹೊರಗೋಡೆಯ ಕೋಶದಲ್ಲಿ ಉಳಿಯುತ್ತದೆ. ಹಾಗಾಗಿ ಅದು ಎಲ್ಲಿ ಇಲ್ಲ ಅನ್ನೋದೇ ಹೆಚ್ಚು ಉಪಯೋಗದ ಸುಳಿವು.

ಕ್ಲಾಡಿನ್5 ಇನ್ನೊಂದು ಬಲೆ. ರಕ್ತನಾಳದ ಮಾರ್ಕರ್ ಅಂತ ಎಲ್ಲ ಪಟ್ಟಿಗಳಲ್ಲೂ ಇರುತ್ತದೆ, ಪೋಡೋಸೈಟ್‌ನಲ್ಲೂ ಇರುತ್ತದೆ. ವಿಇಜಿಎಫ್‌ಎ ಹೆಸರು ನೋಡಿ ರಕ್ತನಾಳ ಅಂದುಕೊಳ್ಳಬೇಡಿ. ಅದನ್ನು ತಯಾರಿಸುವುದು ಪೋಡೋಸೈಟ್, ಎಸ್‌ನ ಸಂದಿಗೆ ರಕ್ತನಾಳದ ಕೋಶಗಳನ್ನು ಕರೆಯಲು.

ಒಂದು ಗುಂಪನ್ನು ಹತ್ತಿರದಿಂದ ನೋಡೋಣ. ಡಬ್ಲ್ಯುಟಿ1 ಜೋರು, ಮ್ಯಾಫ್‌ಬಿ ಇದೆ, ನೆಫ್ರಿನ್‌ನ ಜೀನ್ ಅಲ್ಲೊಂದು ಇಲ್ಲೊಂದು ಕೋಶದಲ್ಲಿ ಮಾತ್ರ, ಪ್ಯಾಕ್ಸ್8 ಇಳಿಯುತ್ತಿದೆ, ಸಿಟೆಡ್1 ಸೊನ್ನೆ. ಇದು ಬಲಿತ ಪೋಡೋಸೈಟ್ ಅಲ್ಲ, ಪ್ರೊಜೆನಿಟರೂ ಅಲ್ಲ. ಎಸ್ ಹಂತದ ದೂರದ ತುದಿ, ಎಳೆಯ ಪೋಡೋಸೈಟ್. ಇನ್ನು ನೆಫ್ರಿನ್, ಪೋಡೋಸಿನ್ ಎರಡೂ ಎಲ್ಲ ಕೋಶಗಳಲ್ಲೂ ತುಂಬಿದ್ದು ಪ್ಯಾಕ್ಸ್8 ಆರಿದ್ದರೆ ಆಗ ಬಲಿತದ್ದು ಅನ್ನಿ. ಕನಿಷ್ಠ ಮೂರು ಜೀನ್ ಇರುವುದನ್ನೂ ಎರಡು ಜೀನ್ ಇಲ್ಲದಿರುವುದನ್ನೂ ನೋಡದೆ ಯಾವ ಗುಂಪಿಗೂ ಹೆಸರಿಡಬೇಡಿ. ಇದು ನಾನೇ ಮಾಡಿಕೊಂಡ ನಿಯಮ, ಇಲ್ಲಿಯವರೆಗೆ ಕೈ ಕೊಟ್ಟಿಲ್ಲ. ಆದರೆ ಕಡಿಮೆ ಆಳದ ಡೇಟಾದಲ್ಲಿ, ಅಂದರೆ ಕೋಶವೊಂದಕ್ಕೆ ಸ್ವಲ್ಪವೇ ಆರ್‌ಎನ್‌ಎ ಓದಿದಲ್ಲಿ, 'ಇಲ್ಲ' ಅನ್ನೋದನ್ನು ಒಂದೊಂದು ಕೋಶದಲ್ಲಿ ನಂಬಬೇಡಿ, ಇಡೀ ಗುಂಪಿನ ಮಟ್ಟದಲ್ಲಿ ಮಾತ್ರ ನಂಬಿ.

## ಹಂತ 6: ಕಲೆಕ್ಟಿಂಗ್ ಡಕ್ಟ್ ಮತ್ತು ಡಿಸ್ಟಲ್ ಭಾಗವನ್ನು ಬೇರ್ಪಡಿಸಿ

ಎರಡೂ ಕೊಳವೆಗಳೇ, ಒಂದಕ್ಕೊಂದು ಬೆಸೆದುಕೊಂಡಿವೆ, ಆದರೆ ಮನೆತನ ಬೇರೆ. ಗಾಟಾ3 ಕಂಡರೆ ಸಾಕು ಕಲೆಕ್ಟಿಂಗ್ ಡಕ್ಟ್ ಅನ್ನುವವರಿದ್ದಾರೆ. ಅದು ಮೊಗ್ಗಿನ ಮನೆತನದಲ್ಲಿ ಇರುವುದು ನಿಜ. ಕನೆಕ್ಟಿಂಗ್ ಟ್ಯೂಬ್ಯೂಲ್‌ನಲ್ಲೂ ಇದೆ, ಜರಡಿಯ ರಕ್ತನಾಳಗಳ ನಡುವೆ ಆಸರೆಯಾಗಿರುವ ಮೆಸಾಂಜಿಯಲ್ ಕೋಶದಲ್ಲೂ ಇದೆ. ಆರ್ಗನಾಯ್ಡ್‌ಗಳಲ್ಲಿ ಮೊದಮೊದಲು ಕಲೆಕ್ಟಿಂಗ್ ಡಕ್ಟ್ ಅಂತ ಕರೆದ ಎಷ್ಟೋ ಕೋಶಗಳು ಆಮೇಲೆ ನೋಡಿದರೆ ನೆಫ್ರಾನ್‌ನ ಡಿಸ್ಟಲ್ ತುದಿಯಂತೆ ಕಂಡವು.

ಗಾಟಾ3 ಜೊತೆ ರೆಟ್, ವಿಂಟ್11 ಇರುವ ಕೋಶಗಳು ಪಕ್ಕದಲ್ಲಿವೆಯಾ ನೋಡಿ. ತುದಿ ಇಲ್ಲದ ಮೊಗ್ಗು ಭ್ರೂಣದ ಕಿಡ್ನಿಯ ಹೊರಭಾಗದಲ್ಲಿ ಇರಲು ಸಾಧ್ಯವಿಲ್ಲ, ಅಲ್ವಾ? ಎಸ್‌ಎಲ್‌ಸಿ12ಎ1 ಮತ್ತು ಯೂರೋಮಾಡ್ಯೂಲಿನ್ ಇದ್ದರೆ ಹೆನ್ಲೆ ಕುಣಿಕೆಯ ಏರುಭಾಗ, ಎಸ್‌ಎಲ್‌ಸಿ12ಎ3 ಇದ್ದರೆ ಡಿಸ್ಟಲ್ ಟ್ಯೂಬ್ಯೂಲ್.

ಕಲೆಕ್ಟಿಂಗ್ ಡಕ್ಟ್‌ನೊಳಗೆ ಮತ್ತೆ ಎರಡು ಜಾತಿ. ನೀರು ಹೀರುವ ಪ್ರಿನ್ಸಿಪಲ್ ಕೋಶದಲ್ಲಿ ಅಕ್ವಾಪೋರಿನ್2, ಆಮ್ಲ ಸರಿದೂಗಿಸುವ ಇಂಟರ್‌ಕಲೇಟೆಡ್ ಕೋಶದಲ್ಲಿ ಫಾಕ್ಸ್‌ಐ1. ಇವೆರಡರ ನಡುವೆ ತೀರ್ಪು ಕೊಡುವುದು ಮತ್ತೆ ನಾಚ್. ಅದು ಕೈಕೊಟ್ಟರೆ ಇಂಟರ್‌ಕಲೇಟೆಡ್ ಕೋಶ ಹೆಚ್ಚುತ್ತದೆ. ಎಳೆಯ ಭ್ರೂಣದಲ್ಲಿ ಈ ಎರಡನ್ನು ಹುಡುಕಿ ಸಿಗಲಿಲ್ಲ ಅಂತ ಬೇಜಾರಾಗಬೇಡಿ, ಅವು ತಡವಾಗಿ ಬರುತ್ತವೆ.

## ಹಂತ 7: ಸ್ಟ್ರೋಮಾ ಮತ್ತು ರಕ್ತನಾಳ

ಇದನ್ನು ಬೇಗ ಮುಗಿಸಬಹುದು. ಫಾಕ್ಸ್‌ಡಿ1 ಕೋಶಗಳಿಂದ ಮೆಸಾಂಜಿಯಲ್ ಕೋಶ, ರಕ್ತನಾಳವನ್ನು ಅಪ್ಪಿರುವ ಪೆರಿಸೈಟ್, ರಕ್ತದೊತ್ತಡ ನೋಡಿಕೊಳ್ಳುವ ರೆನಿನ್ ತಯಾರಿಸುವ ಕೋಶಗಳು ಬರುತ್ತವೆ. ರಕ್ತನಾಳದ ಕೋಶ ಪಿಡಿಜಿಎಫ್‌ಬಿ ಅನ್ನೋ ಸಂಕೇತ ಕಳಿಸುತ್ತದೆ, ಮೆಸಾಂಜಿಯಲ್ ಕೋಶಗಳ ಪೂರ್ವಜರು ಪಿಡಿಜಿಎಫ್‌ಆರ್‌ಬಿ ಮೂಲಕ ಅದನ್ನು ಹಿಡಿದು ಒಳಗೆ ಬರುತ್ತವೆ. ಈ ಎರಡರಲ್ಲಿ ಯಾವುದಿಲ್ಲದಿದ್ದರೂ ಇಲಿಯ ಗ್ಲೊಮೆರುಲಸ್‌ನಲ್ಲಿ (ರಕ್ತ ಸೋಸುವ ಜರಡಿಯಲ್ಲಿ) ಮೆಸಾಂಜಿಯಲ್ ಕೋಶ ಇರುವುದಿಲ್ಲ.

## ಹಂತ 8: ಈಗ ಡೇಟಾ ತೆರೆಯಿರಿ, ಕ್ರಮ ಬಿಡಬೇಡಿ

ಮೊದಲು ತೇಲುವ ಆರ್‌ಎನ್‌ಎ ಕಳೆಯಿರಿ. ಪೆಕಾಮ್1 ಗುಂಪಿನಲ್ಲೂ, ರಕ್ತಕೋಶಗಳಲ್ಲೂ, ಎಲ್ಲ ಕಡೆ ಪ್ರಾಕ್ಸಿಮಲ್ ಜೀನ್‌ಗಳು ಸ್ವಲ್ಪ ಸ್ವಲ್ಪ ಕಂಡರೆ ಇದೇ ಕಾರಣ. ಆಮೇಲೆ ಡಬ್ಲೆಟ್ ತೆಗೆಯಿರಿ. ಸಿಕ್ಸ್2 ಮತ್ತು ರೆಟ್ ಒಂದೇ ಕೋಶದಲ್ಲಿ ಜೋರಾಗಿದ್ದರೆ ಅದು ಟೋಪಿ ಮತ್ತು ಮೊಗ್ಗು ಅಂಟಿಕೊಂಡದ್ದು, ಅವು ಪಕ್ಕಪಕ್ಕದಲ್ಲೇ ಇರುವವು ತಾನೇ.

ಮೂರನೆಯದು ಮೈಟೋಕಾಂಡ್ರಿಯಾ ಮಿತಿ, ಅಂದರೆ ಮೈಟೋಕಾಂಡ್ರಿಯಾದ ಆರ್‌ಎನ್‌ಎ ಎಷ್ಟು ಪಾಲು ಮೀರಿದರೆ ಕೋಶ ಕೆಟ್ಟಿದೆ ಅಂತ ಬಿಸಾಡಬೇಕು ಅನ್ನೋ ಗೆರೆ. ಬೇರೆ ಅಂಗಕ್ಕೆ ಇಟ್ಟ ಬಿಗಿ ಮಿತಿಯನ್ನು ಸುಮ್ನೆ ಕಾಪಿ ಮಾಡಬೇಡಿ. ಪ್ರಾಕ್ಸಿಮಲ್ ಟ್ಯೂಬ್ಯೂಲ್‌ಗೆ ಮೈಟೋಕಾಂಡ್ರಿಯಾ ಸಹಜವಾಗಿಯೇ ಜಾಸ್ತಿ. ಮಿತಿ ಬಿಗಿ ಮಾಡಿದರೆ ಆ ಕೋಶಗಳೇ ಕಸದ ಬುಟ್ಟಿಗೆ ಹೋಗುತ್ತವೆ, ಆಮೇಲೆ 'ನಮ್ಮ ಸ್ಯಾಂಪಲ್‌ನಲ್ಲಿ ಪ್ರಾಕ್ಸಿಮಲ್ ಇಲ್ಲ' ಅಂತ ಬರೆಯುತ್ತೀರಿ. ಮಿತಿಯನ್ನು ಎರಡು ಮೂರು ಮಟ್ಟದಲ್ಲಿ ಇಟ್ಟು ಯಾವ ಗುಂಪು ಮಾಯವಾಗುತ್ತದೆ ಅಂತ ನೋಡಿ.

ಇಷ್ಟಾದ ಮೇಲೆ ಮೊದಲ ಸುತ್ತಿನಲ್ಲಿ ಮನೆತನ ಮಾತ್ರ ಬರೆಯಿರಿ. ಎರಡನೇ ಸುತ್ತಿನಲ್ಲಿ ಒಂದೊಂದು ಮನೆತನವನ್ನು ಬೇರೆ ತೆಗೆದು, ಹೊಸದಾಗಿ ಗುಂಪು ಮಾಡಿ, ಹಂತ ಬರೆಯಿರಿ: ಪ್ರೊಜೆನಿಟರ್, ವೆಸಿಕಲ್, ಎಸ್, ಬಲಿಯುತ್ತಿರುವುದು. ಮೂರನೇ ಸುತ್ತಿನಲ್ಲಿ ಮಾತ್ರ ಕೋಶದ ಹೆಸರು. ಒಂದೇ ಕಿಡ್ನಿಯಲ್ಲಿ ಎಲ್ಲ ಹಂತಗಳೂ ಒಟ್ಟಿಗೆ ಇರುತ್ತವೆ ಅನ್ನೋದು ನೆನಪಿರಲಿ. ಮನುಷ್ಯರಲ್ಲಿ ಕಾಯಂ ಕಿಡ್ನಿ ಗರ್ಭದ 5ನೇ ವಾರದ ಸುಮಾರಿಗೆ ಶುರುವಾಗುತ್ತದೆ, ಹೊಸ ನೆಫ್ರಾನ್ ಹುಟ್ಟುವುದು ಸುಮಾರು 36ನೇ ವಾರಕ್ಕೆ ನಿಲ್ಲುತ್ತದೆ. ಅಷ್ಟೂ ದಿನ ಹೊರ ಅಂಚಿನಲ್ಲಿ ಹೊಸತು, ಒಳಗೆ ಹಳತು.

ಎರಡು ಕೆಟ್ಟ ಲಕ್ಷಣಗಳಿಗೆ ಕಣ್ಣಿಡಿ. ಒಂದು ಗುಂಪಿನ ಮೇಲ್ಪಂಕ್ತಿಯಲ್ಲಿ ಫಾಸ್, ಜೂನ್ ಜೀನ್‌ಗಳೇ ತುಂಬಿದ್ದರೆ ಅದು ಹೊಸ ಜಾತಿಯ ಕೋಶ ಅಲ್ಲ, ಅಂಗಾಂಶವನ್ನು ಬಿಡಿಸುವಾಗ ನೊಂದ ಕೋಶ. ಎಂಕೆಐ67, ಟಾಪ್2ಎ ತುಂಬಿದ್ದರೆ ಅದು ಒಡೆದು ಎರಡಾಗುತ್ತಿರುವ ಕೋಶಗಳ ಗುಂಪು, ಅದರೊಳಗೆ ಬೇರೆ ಬೇರೆ ಮನೆತನದವು ಬೆರೆತಿರುತ್ತವೆ. ಕೋಶಚಕ್ರದ ಪ್ರಭಾವ ಕಳೆದು ಮತ್ತೆ ನೋಡಿ.

## ಹಂತ 9: ಇಲಿಯ ಪಟ್ಟಿಯನ್ನು ಮನುಷ್ಯರಿಗೆ ಹಚ್ಚುವ ಮುನ್ನ

ನಾನು ಮೇಲೆ ಹೇಳಿದ 'ತೆಗೆದರೆ ಏನಾಗುತ್ತದೆ' ಮಾತೆಲ್ಲ ಬಹುತೇಕ ಇಲಿಯಿಂದ ಬಂದದ್ದು. ದೊಡ್ಡ ಚೌಕಟ್ಟು ಎರಡರಲ್ಲೂ ಒಂದೇ, ವಿವರ ಬೇರೆ. ಸಿಕ್ಸ್1 ಇಲಿಯಲ್ಲಿ ಬೇಗ ಆರಿಹೋಗುತ್ತದೆ, ಮನುಷ್ಯರ ಪ್ರೊಜೆನಿಟರ್‌ನಲ್ಲಿ ಸಿಕ್ಸ್2 ಜೊತೆ ಉರಿಯುತ್ತಲೇ ಇರುತ್ತದೆ. ಇಲಿಯ ಪಟ್ಟಿ ಹಿಡಿದು ಮನುಷ್ಯರ ಡೇಟಾ ನೋಡಿದವರು ಇದನ್ನು 'ತೀರಾ ಆರಂಭದ ಕೋಶ' ಅಂತ ಓದಿಬಿಡುತ್ತಾರೆ.

ಕಂಪ್ಯೂಟರ್ ತಾನೇ ಹೆಸರಿಡುವ ಸಾಧನಗಳೂ ಹೀಗೇ. ಬಲಿತ ಕಿಡ್ನಿಯ ಮಾದರಿ ಕೊಟ್ಟರೆ ಅವು ಎಳೆಯ ಕೋಶಕ್ಕೂ ಬಲಿತ ಹೆಸರನ್ನೇ ಕೊಡುತ್ತವೆ, ಅದೂ ತುಂಬಾ ಆತ್ಮವಿಶ್ವಾಸದಿಂದ. ಭ್ರೂಣದ ಮಾದರಿ ಕೊಡಿ, ಉತ್ತರವನ್ನು ನಿಮ್ಮ ಹಾಳೆಯ ಪಕ್ಕ ಇಟ್ಟು ಹೋಲಿಸಿ.

## ಹಂತ 10: ಸ್ಲೈಸ್ ಮೇಲೆ ಒಮ್ಮೆ ನೋಡಿ

ಡೇಟಾದಲ್ಲಿ ಜಾಗದ ಮಾಹಿತಿ ಕಳೆದುಹೋಗಿರುತ್ತದೆ. ಮುಖ್ಯವಾದ ಒಂದೆರಡು ಹೆಸರುಗಳನ್ನಾದರೂ ಅಂಗಾಂಶದ ತೆಳು ಸ್ಲೈಸ್ ಮೇಲೆ ಬಣ್ಣ ಹಾಕಿ ನೋಡಿ, ಅಥವಾ ಬೇರೆಯವರು ಪ್ರಕಟಿಸಿದ ಚಿತ್ರಗಳಲ್ಲಿ ಹುಡುಕಿ. ಬಣ್ಣ ಜೋಡಿಯಲ್ಲಿರಲಿ: ಡಬ್ಲ್ಯುಟಿ1 ಜೊತೆ ಸಿಕ್ಸ್2, ಗಾಟಾ3 ಜೊತೆ ಪಿಒಯು3ಎಫ್3. ಒಂದೇ ಬಣ್ಣದ ಚಿತ್ರ ನೋಡಿದರೆ ಹಂತ 5ರ ತಪ್ಪೇ ಮತ್ತೆ ಆಗುತ್ತದೆ, ಈ ಸಲ ಮೈಕ್ರೋಸ್ಕೋಪ್ ಕೆಳಗೆ.

ಆಮೇಲೂ ಒಂದೆರಡು ಗುಂಪು ಯಾವ ಹೆಸರಿಗೂ ಒಗ್ಗದೆ ಉಳಿಯುತ್ತವೆ. ಅವಕ್ಕೆ 'ನೆಫ್ರಾನ್ ಮನೆತನ, ಎಸ್ ಹಂತ, ನಡುಭಾಗ' ಅಂತ ಗೊತ್ತಿರುವಷ್ಟನ್ನೇ ಬರೆದು ಬಿಡಿ. ಹೆಸರಿನ ಜಾಗದಲ್ಲಿ ಗುಂಪಿನ ಸಂಖ್ಯೆ ಇದ್ದರೆ ಯಾರೂ ಬೈಯುವುದಿಲ್ಲ.